ಯುವಕರ ಶಿಬಿರಗಳಿಗೆ ಸಂದ ಮನ್ನಣೆ

ಮುನಿಸಿಕೊಂಡ ಇಬ್ಬರನ್ನು ಒಂದುಗೂಡಿಸುವುದು ನಫಿಲ್ ನಮಾಝ್, ನಫಿಲ್ ಉಪವಾಸಗಳಿಗಿಂತ ಮೇಲಿನ ದರ್ಜೆಯ ಕೆಲಸವೆಂದು ಪ್ರವಾದಿ(ಸ)ಯವರು ಕಲಿಸಿದ್ದನ್ನು ಜುಮಾ ಖುತ್ಬಾಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಅಣ್ಣತಮ್ಮಂದಿರ ಹೊಲದ ಬದುವಿನ ತಕರಾರು, ಗಂಡಹೆಂಡಿರ ಜಗಳ, ಅಂಗಡಿಯ ಪಾಲಿನ ವ್ಯಾಜ್ಯ ಇಂಥವು ಬಂದಾಗ ನಮ್ಮ ಜಮಾಅತಿನ ಹಿರಿಯರು ಕೂತು ಮಾತಾಡಿ ಬಗೆಹರಿಸುವುದುಂಟು. ಆದರೆ ಕೋಮು ಕೋಮಿನ ನಡುವೆ, ಓಣಿ ಓಣಿಯ ನಡುವೆ ಮನಸ್ಸು ಕೆಟ್ಟಾಗ ಕೂತು ಮಾತಾಡುವವರು ಯಾರು? ಅದೂ ಮನಸ್ಸು ಕೆಡುವ ಮೊದಲೇ ಆ ಕೆಲಸಕ್ಕೆ ಹುಡುಗ ಹುಡುಗಿಯರನ್ನು ತಯಾರು ಮಾಡುವವರು ಯಾರು? ಇದನ್ನೇ ಐವತ್ತು ವರ್ಷ ಮಾಡಿದ ಒಂದು ಸಂಘಟನೆಯ ಬಗ್ಗೆ ಈ ತಿಂಗಳು ಬರೆಯುತ್ತಿದ್ದೇವೆ. ಅದನ್ನು ಕಟ್ಟಿದವರು ಒಬ್ಬ ಕನ್ನಡಿಗರು. ಅವರ ಕೆಲಸದ ಬೇರು ನಮ್ಮ ಹುಬ್ಬಳ್ಳಿಯಲ್ಲೇ ಇದೆ ಎಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿದಿಲ್ಲ.

ಅವರ ಹೆಸರು ಸೇಲಂ ನಂಜುಂಡಯ್ಯ ಸುಬ್ಬರಾವ್. ದೇಶದ ತುಂಬ ಅವರನ್ನು 'ಭಾಯೀಜಿ' ಎಂದೇ ಕರೆಯುತ್ತಿದ್ದರು. 1929ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ಹುಟ್ಟಿದರು. 1942ರ ಚಳವಳಿಯಲ್ಲಿ ಗೋಡೆಯ ಮೇಲೆ ಬ್ರಿಟಿಷರ ವಿರುದ್ಧ ಬರೆದದ್ದಕ್ಕೆ ಪೊಲೀಸರು ಹಿಡಿದಾಗ ಅವರಿಗೆ ಹದಿಮೂರು ವರ್ಷ, ಇನ್ನೂ ಶಾಲೆಯ ಹುಡುಗ. ಕಾನೂನು ಓದು ಮುಗಿಸಿದ ಮೇಲೆ ವಕೀಲಿಗೆ ಹೋಗಲಿಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರ ಕರೆಗೆ ಓಗೊಟ್ಟು ಸೇವಾದಳಕ್ಕೆ ಸೇರಿದರು. ಮದುವೆಯಾಗಲಿಲ್ಲ. ಖಾದಿಯ ಅರ್ಧ ಚಡ್ಡಿ, ಅರ್ಧ ತೋಳಿನ ಅಂಗಿ ಇದಿಷ್ಟೇ ಅವರ ಉಡುಪು. ದಿಲ್ಲಿಯ ಚಳಿಯಲ್ಲೂ, ದೊಡ್ಡವರ ಸಭೆಯಲ್ಲೂ ಅದೇ.

ಹರ್ಡೀಕರರ ಕಥೆಯನ್ನು ಸ್ವಲ್ಪ ಹೇಳಲೇಬೇಕು. 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಜೈಲಿಗೆ ಹೋದವರಲ್ಲಿ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯಿಂದ ಹೋಗಿದ್ದ ಹರ್ಡೀಕರರ ಹುಡುಗರು ಮಾತ್ರ ಬರೆದುಕೊಡಲಿಲ್ಲ. ಇದು ದೇಶದ ನಾಯಕರ ಕಣ್ಣಿಗೆ ಬಿತ್ತು. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಆ ಅಧಿವೇಶನದ ಅಧ್ಯಕ್ಷರಾಗಿದ್ದವರು ಮೌಲಾನಾ ಮುಹಮ್ಮದ್ ಅಲಿ ಜೌಹರ್. ಮುಂದಿನ ವರ್ಷ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನದ ವ್ಯವಸ್ಥೆಯನ್ನು ಹೊತ್ತವರು ಇದೇ ಸೇವಾದಳದ ಸ್ವಯಂಸೇವಕರು. ಶಿಸ್ತು ಎಂದರೆ ಲಾಠಿ ಹಿಡಿಯುವುದಲ್ಲ, ಕಸ ಗುಡಿಸುವುದು, ಜನರನ್ನು ಸಾಲಿನಲ್ಲಿ ಕೂರಿಸುವುದು, ಕಾಯಿಲೆಯವರನ್ನು ನೋಡಿಕೊಳ್ಳುವುದು ಎಂದು ಹರ್ಡೀಕರರು ಹುಡುಗರಿಗೆ ಕಲಿಸಿದ್ದರು. ಹೆಣ್ಣುಮಕ್ಕಳ ದಳವನ್ನು ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಕಟ್ಟಿದರು. ಈ ಗರಡಿಯಲ್ಲಿ ಸುಬ್ಬರಾವ್ ಪಳಗಿದರು.

1969 ಗಾಂಧಿ ಜನ್ಮಶತಾಬ್ದಿಯ ವರ್ಷ. ಆ ವರ್ಷ ಖಾನ್ ಅಬ್ದುಲ್ ಗಫ್ಫಾರ್ ಖಾನ್ ಭಾರತಕ್ಕೆ ಬಂದಿದ್ದರು. ಅಹ್ಮದಾಬಾದಿನಲ್ಲಿ ಗಲಭೆಯಾಗಿ ನೂರಾರು ಜೀವ ಹೋಗಿದ್ದವು. ಶತಾಬ್ದಿಯ ಸಂಭ್ರಮಕ್ಕೆಂದು ಕರೆಸಿಕೊಂಡ ಆ ವೃದ್ಧ ಪಠಾಣರು ಉಪವಾಸ ಕೂತರು. ಅದೇ ಸಮಯದಲ್ಲಿ ಗಾಂಧಿ ದರ್ಶನ ರೈಲು ದೇಶದ ಊರೂರು ಸುತ್ತುತ್ತಿತ್ತು. ಅದರ ಹೊಣೆ ಸುಬ್ಬರಾವ್ ಅವರದು. ಊರೂರಲ್ಲಿ ಕಂಡ ಹುಡುಗರ ಉತ್ಸಾಹವನ್ನು ಸುಮ್ಮನೆ ಬಿಡಬಾರದೆಂದು 1970ರಲ್ಲಿ ಅವರು 'ರಾಷ್ಟ್ರೀಯ ಯುವ ಯೋಜನೆ'ಯನ್ನು ಆರಂಭಿಸಿದರು. ಅದೇ ವರ್ಷ ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಜೌರಾ ಎಂಬ ಊರಿನಲ್ಲಿ ಮಹಾತ್ಮಾ ಗಾಂಧಿ ಸೇವಾ ಆಶ್ರಮ ತೆರೆದರು.

ಜೌರಾ ಯಾಕೆ? ಅದು ಚಂಬಲ್ ಕಣಿವೆ. ನದಿ ಕೊರೆದು ಕೊರೆದು ಆದ ಆಳವಾದ ಕೊರಕಲುಗಳು. ಒಳಹೊಕ್ಕರೆ ಪೊಲೀಸರಿಗೂ ದಾರಿ ತಿಳಿಯದು. ಅಲ್ಲಿ ಹಗೆ ತಲೆಮಾರಿನಿಂದ ತಲೆಮಾರಿಗೆ ಆಸ್ತಿಯಂತೆ ಇಳಿದು ಬರುತ್ತಿತ್ತು. ಒಬ್ಬ ಕೊಲೆ ಮಾಡಿ ಕೊರಕಲು ಸೇರಿದರೆ ಅವನ ಮನೆಯವರ ಮೇಲೆ ಇನ್ನೊಬ್ಬ ಸೇಡು ತೀರಿಸಿಕೊಂಡು ತಾನೂ ಕೊರಕಲು ಸೇರುತ್ತಿದ್ದ. 1960ರಲ್ಲಿ ವಿನೋಬಾ ಭಾವೆಯವರು ಅಲ್ಲಿ ಪಾದಯಾತ್ರೆ ಮಾಡಿದಾಗ ಇಪ್ಪತ್ತು ಮಂದಿ ಡಕಾಯಿತರು ಬಂದೂಕು ಇಳಿಸಿದ್ದರು. ಆಮೇಲೆ ಕೆಲಸ ಅಲ್ಲಿಗೇ ನಿಂತಂತಾಗಿತ್ತು.

ಸುಬ್ಬರಾವ್ ಅಲ್ಲಿ ಭಾಷಣ ಮಾಡಲು ಹೋಗಲಿಲ್ಲ. ಬೇರೆ ಬೇರೆ ರಾಜ್ಯಗಳ ಹುಡುಗರನ್ನು ಕರೆತಂದು ಶ್ರಮದಾನದ ಶಿಬಿರ ಮಾಡಿದರು. ಗುದ್ದಲಿ, ಬುಟ್ಟಿ ಹಿಡಿದು ರಸ್ತೆಯ ಕೆಲಸ, ನೆಲ ಸಮಮಾಡುವ ಕೆಲಸ. ಸಂಜೆಗೆ ಹಾಡು. ಹಳ್ಳಿಯವರು ಮೊದಲು ದೂರದಿಂದ ನೋಡಿದರು, ಆಮೇಲೆ ಹತ್ತಿರ ಬಂದರು. ಕೊರಕಲಿನೊಳಗಿನವರ ಕಿವಿಗೂ ಸುದ್ದಿ ಮುಟ್ಟಿತು. ಮಾಧೋ ಸಿಂಗ್ ಎಂಬ ನಾಯಕ ಗುತ್ತಿಗೆದಾರನ ವೇಷದಲ್ಲಿ ಪಟ್ನಾಕ್ಕೆ ಹೋಗಿ ಜಯಪ್ರಕಾಶ ನಾರಾಯಣರ ಮುಂದೆ ನಿಂತು, ಶರಣಾಗಲು ಸಹಾಯ ಮಾಡಿ ಎಂದು ಕೇಳಿದ. ಜೆ.ಪಿ. ಸರ್ಕಾರಗಳ ಜೊತೆ ಮಾತಾಡಿ, ಶರಣಾದವರನ್ನು ಗಲ್ಲಿಗೇರಿಸುವುದಿಲ್ಲ ಎಂಬ ಭರವಸೆ ಪಡೆದರು. 1972ರ ಏಪ್ರಿಲ್‌ನಲ್ಲಿ ಜೌರಾದಲ್ಲಿ ಮೋಹರ್ ಸಿಂಗ್, ಮಾಧೋ ಸಿಂಗ್ ಮತ್ತವರ ತಂಡಗಳು ಗಾಂಧೀಜಿಯ ಚಿತ್ರದ ಮುಂದೆ ಬಂದೂಕುಗಳನ್ನಿಟ್ಟವು. ಮುಂದಿನ ದಿನಗಳಲ್ಲಿ ಶರಣಾದವರ ಲೆಕ್ಕ ನೂರಾರಕ್ಕೆ ಏರಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಶರಣಾದವರಿಗೆ ಮಾಫಿ ಸಿಗಲಿಲ್ಲ, ಶಿಕ್ಷೆ ಅನುಭವಿಸಿದರು. ಮುಂಗಾವಲಿಯ ಬಯಲು ಬಂದೀಖಾನೆಯಲ್ಲಿ ಹಲವರು ಬೇಸಾಯ ಮಾಡುತ್ತ ಶಿಕ್ಷೆ ಮುಗಿಸಿದರು. ಅವರ ಹೆಂಡತಿ ಮಕ್ಕಳ ಊಟ, ಓದಿನ ಪ್ರಶ್ನೆಯನ್ನೂ ಕೈಗೆತ್ತಿಕೊಳ್ಳಬೇಕಾಯಿತು. ಶಾಂತಿ ಎಂದರೆ ಇಬ್ಬರನ್ನು ನಿಲ್ಲಿಸಿ ಕೈಕುಲುಕಿಸಿ ಫೋಟೊ ತೆಗೆಸುವುದು ಎಂದು ತಿಳಿದವರಿಗೆ ಜೌರಾದ ಕಥೆಯ ಈ ಎರಡನೆಯ ಭಾಗ ಬೇಸರ ತರಿಸಬಹುದು. ಆದರೆ ನ್ಯಾಯವೂ ಹೊಟ್ಟೆಪಾಡೂ ಇಲ್ಲದ ಸಂಧಾನ ಒಂದು ಮಳೆಗಾಲ ಬಾಳುವುದಿಲ್ಲ. ಸೂರಃ ಅಲ್ ಹುಜುರಾತ್‌ನಲ್ಲೂ ಎರಡು ಗುಂಪುಗಳ ನಡುವೆ ಸಂಧಾನ ಮಾಡಿಸುವ ಆದೇಶದ ಜೊತೆಯಲ್ಲೇ ನ್ಯಾಯದ ಆದೇಶವೂ ಇದೆಯಲ್ಲ!

1992ರ ಡಿಸೆಂಬರ್ ನಂತರ ದೇಶದಲ್ಲಿ ಏನಾಯಿತೆಂದು ನಮ್ಮ ಮನೆಗಳಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಮರುವರ್ಷ, 1993ರಲ್ಲಿ, ಯುವ ಯೋಜನೆಯವರು 'ಸದ್ಭಾವನಾ ರೈಲು ಯಾತ್ರೆ' ಹೊರಡಿಸಿದರು. ಒಂದು ವಿಶೇಷ ರೈಲು, ಅದರ ತುಂಬ ನಾನಾ ರಾಜ್ಯಗಳ ಯುವಕ ಯುವತಿಯರು, ಜೊತೆಗೆ ಅವರ ಸೈಕಲ್ಲುಗಳು. ರೈಲು ಒಂದೊಂದು ಊರಿನಲ್ಲಿ ನಿಲ್ಲುವುದು, ಮಕ್ಕಳು ಸೈಕಲ್ ಇಳಿಸಿಕೊಂಡು ಊರೊಳಗೆ ಹೋಗುವುದು, ಶಾಲೆ ಕಾಲೇಜುಗಳಲ್ಲಿ ಹಾಡಿ ಮಾತಾಡಿ ಮತ್ತೆ ರೈಲು ಹತ್ತುವುದು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಜನ ಬಾಗಿಲು ಹಾಕಿಕೊಂಡು ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಹದಿನೆಂಟು ಇಪ್ಪತ್ತರ ಮಕ್ಕಳು ಹೀಗೆ ಬೀದಿಗೆ ಬಂದದ್ದು ಸಣ್ಣ ಧೈರ್ಯವಲ್ಲ. ಅವರನ್ನು ಕಳಿಸಿಕೊಟ್ಟ ತಾಯಿತಂದೆಯರ ಧೈರ್ಯ ಇನ್ನೂ ದೊಡ್ಡದು.

ಶಿಬಿರಗಳು ನಡೆಯುವ ರೀತಿಯನ್ನೂ ತಿಳಿಯೋಣ. ಬೆಳಗ್ಗೆ ಬೇಗ ಎದ್ದು ವ್ಯಾಯಾಮ, ಧ್ವಜಾರೋಹಣ, ಆಮೇಲೆ ಶ್ರಮದಾನ. ಕೆಲಸದ ಗುಂಪು ಮಾಡುವಾಗ ಒಂದೇ ರಾಜ್ಯದವರು ಒಂದೇ ಕಡೆ ಸೇರದಂತೆ ನೋಡಿಕೊಳ್ಳುತ್ತಾರೆ. ಅಸ್ಸಾಮಿನವನ ಬುಟ್ಟಿಗೆ ಕೇರಳದವನು ಮಣ್ಣು ತುಂಬಬೇಕು. ಭಾಷೆಯ ತರಗತಿ ಇರುತ್ತದೆ; ಕನ್ನಡದ ಹುಡುಗಿ ಪಂಜಾಬಿನವರಿಗೆ ನಾಲ್ಕು ಕನ್ನಡ ಮಾತು ಕಲಿಸಿ, ಅವರಿಂದ ನಾಲ್ಕು ಪಂಜಾಬಿ ಮಾತು ಕಲಿಯಬೇಕು. ಸಂಜೆ ಸರ್ವಧರ್ಮ ಪ್ರಾರ್ಥನೆ, ನಂತರ 'ಭಾರತ್ ಕೀ ಸಂತಾನ್' ಎಂಬ, ದೇಶದ ಹದಿನೆಂಟು ಭಾಷೆಗಳನ್ನು ಒಂದೇ ವೇದಿಕೆಗೆ ತರುವ ಹಾಡು ಕುಣಿತ. ಚಿಕ್ಕ ಮಕ್ಕಳ ಉತ್ಸವಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಬೇರೆ ರಾಜ್ಯದಿಂದ ಬಂದ ಮಗುವನ್ನು ಹಾಸ್ಟೆಲಿನಲ್ಲಿಡದೆ ಊರಿನ ಒಂದು ಮನೆಯಲ್ಲಿ ಇಡುವುದು. ಮನೆಯವರ ಭಾಷೆ, ಧರ್ಮ, ಊಟ ಎಲ್ಲ ಬೇರೆ. ಕೆಲವೇ ದಿನ ಇದ್ದ ಮಗುವನ್ನು ಕಳಿಸುವಾಗ ಆ ಮನೆಯ ತಾಯಿ ಅಳುತ್ತಾಳಂತೆ. ನಮಗೆ ಅದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಅನ್ನ ಹಾಕಿದ ಮಗುವಿನ ಮೇಲೆ ಹಗೆ ಹುಟ್ಟಿಸಿಕೊಳ್ಳುವುದು ಯಾವ ತಾಯಿಗೂ ಕಷ್ಟ. ದಿನಕ್ಕೆ ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ ಕೊಡಿ ಎಂಬುದು ಸುಬ್ಬರಾವ್ ಅವರು ಮಕ್ಕಳಲ್ಲಿ ಸದಾ ಕೇಳುತ್ತಿದ್ದ ಕಾಣಿಕೆ.

ಈಗ ಮನ್ನಣೆಯ ಮಾತು. ಸುಬ್ಬರಾವ್ ಅವರಿಗೆ ಪದ್ಮಶ್ರೀ ಬಂತು. ಗಾಂಧೀಜಿ ಮಗನಂತೆ ಕಂಡ ಜಮನಾಲಾಲ್ ಬಜಾಜರ ಹೆಸರಿನ, ರಚನಾತ್ಮಕ ಕೆಲಸಕ್ಕೆ ಕೊಡುವ ಪ್ರಶಸ್ತಿ ಬಂತು. ರಾಜೀವ್ ಗಾಂಧಿ ಸದ್ಭಾವನಾ ಪ್ರಶಸ್ತಿ ಬಂತು. ಮದರ್ ತೆರೇಸಾ, ಉಸ್ತಾದ್ ಬಿಸ್ಮಿಲ್ಲಾ ಖಾನ್, ದಿಲೀಪ್ ಕುಮಾರ್, ಮೌಲಾನಾ ವಹೀದುದ್ದೀನ್ ಖಾನ್ ಇದನ್ನು ಪಡೆದ ಇತರರು. ಒಬ್ಬರಿಗಷ್ಟೇ ಅಲ್ಲ, ಯುವ ಯೋಜನೆ ಎಂಬ ಸಂಘಟನೆಗೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಯುವ ಪ್ರಶಸ್ತಿ ಸಂದಿತು. ಈ ಕೊನೆಯದನ್ನು ನಾವು ಹೆಚ್ಚು ಎಂದು ಎಣಿಸುತ್ತೇವೆ. ವ್ಯಕ್ತಿಗೆ ಕೊಟ್ಟ ಪದಕ ಅವನ ಮನೆಯ ಗೋಡೆಗೆ ಹೋಗುತ್ತದೆ. ಸಂಘಟನೆಗೆ ಕೊಟ್ಟದ್ದರಲ್ಲಿ ಹೆಸರಿಲ್ಲದ ಸಾವಿರಾರು ಹುಡುಗರ ಪಾಲು ಇರುತ್ತದೆ.

ಸರ್ಕಾರವೂ ಈ ದಿಕ್ಕಿನಲ್ಲಿ ಏನೂ ಮಾಡಿಲ್ಲವೆಂದಲ್ಲ. ಗೃಹ ಇಲಾಖೆಯ ಆಶ್ರಯದಲ್ಲಿ 1992ರಲ್ಲೇ ಕೋಮು ಸೌಹಾರ್ದದ ರಾಷ್ಟ್ರೀಯ ಪ್ರತಿಷ್ಠಾನ ಆರಂಭವಾಯಿತು. ಗಲಭೆಗಳಲ್ಲಿ ತಾಯಿತಂದೆಯನ್ನು ಕಳೆದುಕೊಂಡ ಮಕ್ಕಳ ಓದಿಗೆ ನೆರವು ಕೊಡುವುದು, ಸೌಹಾರ್ದಕ್ಕೆ ದುಡಿದ ವ್ಯಕ್ತಿ ಮತ್ತು ಸಂಸ್ಥೆಗಳಿಗೆ ಪ್ರಶಸ್ತಿ ಕೊಡುವುದು ಅದರ ಕೆಲಸಗಳಾಗಿದ್ದವು. ನವೆಂಬರ್ 19ರಿಂದ 25ರವರೆಗೆ ಶಾಲೆಗಳಲ್ಲಿ ಧ್ವಜದ ಚೀಟಿ ಹಂಚುತ್ತಿದ್ದುದನ್ನು ನಮ್ಮಲ್ಲಿ ಕೆಲವರು ನೋಡಿರಬಹುದು.

ಪ್ರಶಸ್ತಿಯ ಬಗ್ಗೆ ನಮ್ಮ ದೀನ್ ಎಚ್ಚರಿಸಿದೆ. ಜನ ಹೊಗಳಲಿ ಎಂದು ಓದಿದವನು, ಜನ ಹೊಗಳಲಿ ಎಂದು ದಾನ ಮಾಡಿದವನು ಕಿಯಾಮತ್ ದಿನ ಬರಿಗೈಯಲ್ಲಿ ನಿಲ್ಲುತ್ತಾನೆ ಎಂಬ ಹದೀಸನ್ನು ಕೇಳಿದವರಿಗೆ ಸನ್ಮಾನದ ಶಾಲು ಭಾರವೇ ಅನಿಸಬೇಕು. ಹಾಗೆಂದು ಮನ್ನಣೆ ಎಂಬುದೇ ಬೇಡವೇ? ಬೇಕು ಎಂಬುದು ನಮ್ಮ ಅಭಿಪ್ರಾಯ, ಆದರೆ ಬೇರೆ ಕಾರಣಕ್ಕೆ. ಹೆಸರಿಲ್ಲದ ಸಂಘಟನೆ ಶಿಬಿರ ಮಾಡುತ್ತೇವೆ ಎಂದರೆ ಶಾಲೆ ಮೈದಾನ ಕೊಡುವುದಿಲ್ಲ, ಪೊಲೀಸರು ಅನುಮಾನ ಪಡುತ್ತಾರೆ, ತಾಯಿ ಮಗಳನ್ನು ಕಳಿಸುವುದಿಲ್ಲ. ಮನ್ನಣೆ ಈ ಬಾಗಿಲುಗಳನ್ನು ತೆರೆಯುತ್ತದೆ. ಯುವಕರ ವಿಷಯದಲ್ಲಿ ಇನ್ನೊಂದು ಮಾತೂ ಇದೆ. ನಮ್ಮ ಹುಡುಗರ ಹೆಸರು ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಕೆಟ್ಟ ಸುದ್ದಿಯಲ್ಲಿ. ಒಳ್ಳೆಯದು ಮಾಡಿದಾಗ ಯಾರೂ ನೋಡುವುದಿಲ್ಲ ಎಂದು ಒಮ್ಮೆ ಅವರ ಮನಸ್ಸಿಗೆ ಬಂದರೆ ಅದನ್ನು ತೆಗೆಯುವುದು ಕಷ್ಟ.

ಇಡೀ ಲೋಕವೇ ಈ ಮಾತನ್ನು ಒಪ್ಪಿಕೊಳ್ಳಲು ತಡಮಾಡಿತು. ಯುವಕರೆಂದರೆ ಗಲಭೆ ಮಾಡುವವರು, ಇಲ್ಲವೇ ಗಲಭೆಗೆ ಬಲಿಯಾಗುವವರು ಎಂಬ ಎರಡೇ ಲೆಕ್ಕ ಇತ್ತು. 2015ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2250ನೇ ನಿರ್ಣಯದಲ್ಲಿ, ಶಾಂತಿ ಕಟ್ಟುವ ಕೆಲಸದಲ್ಲಿ ಯುವಕರಿಗೆ ಸ್ಥಾನ ಕೊಡಬೇಕೆಂದು ಮೊದಲ ಬಾರಿಗೆ ಹೇಳಿತು. ಅದನ್ನು ಮುಂದಿಟ್ಟ ದೇಶ ಜೋರ್ಡಾನ್.

ನೈಜೀರಿಯಾದ ಕದುನಾ ಪಟ್ಟಣದ ಕಥೆ ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. ಅಲ್ಲಿ ಮುಹಮ್ಮದ್ ಅಶಫಾ ಎಂಬವರು ಮುಸ್ಲಿಂ ಯುವಕರ ಹೋರಾಟದ ಗುಂಪಿನಲ್ಲಿದ್ದರು, ಜೇಮ್ಸ್ ವುಯೆ ಎಂಬವರು ಕ್ರೈಸ್ತ ಯುವಕರ ಗುಂಪಿನಲ್ಲಿ. 1992ರ ಗಲಭೆಯಲ್ಲಿ ಅಶಫಾ ತಮ್ಮ ಗುರುವನ್ನೂ ಇಬ್ಬರು ಸೋದರ ಸಂಬಂಧಿಗಳನ್ನೂ ಕಳೆದುಕೊಂಡರು, ವುಯೆ ತಮ್ಮ ಬಲಗೈಯನ್ನು. ಸೇಡು ತೀರಿಸಿಕೊಳ್ಳಬೇಕೆಂದೇ ಕಾಯುತ್ತಿದ್ದ ಅಶಫಾರ ಮನಸ್ಸು ತಿರುಗಿದ್ದು ಮಸೀದಿಯಲ್ಲಿ ಕೇಳಿದ ಕ್ಷಮೆಯ ಕುರಿತಾದ ಒಂದು ಖುತ್ಬಾದಿಂದ. ತಾಯಿಫ್‌ನಲ್ಲಿ ಕಲ್ಲೇಟು ತಿಂದ ಪ್ರವಾದಿ(ಸ)ಯವರು ಆ ಊರಿನವರಿಗೆ ಕೇಡು ಬಯಸಲಿಲ್ಲ ಎಂಬ ಪ್ರಸಂಗ ಅದು. 1995ರಲ್ಲಿ ಇಬ್ಬರೂ ಸೇರಿ ಅಂತರಧರ್ಮೀಯ ಸಂಧಾನ ಕೇಂದ್ರ ತೆರೆದು, ಹಿಂದೆ ತಾವೇ ಬಡಿದಾಟಕ್ಕೆ ಎತ್ತಿಕಟ್ಟುತ್ತಿದ್ದ ವಯಸ್ಸಿನ ಹುಡುಗರ ನಡುವೆ ಕೆಲಸ ಆರಂಭಿಸಿದರು. 2006ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ಬಂತು, 2013ರಲ್ಲಿ ಜರ್ಮನಿಯ ಹೆಸ್ಸೆ ರಾಜ್ಯದ ಶಾಂತಿ ಪ್ರಶಸ್ತಿ ಬಂತು. ಹೊಗಳಿಕೆಯಷ್ಟನ್ನೇ ಬರೆದರೆ ಅರ್ಧ ಬರೆದಂತೆ. 2002ರ ಆಗಸ್ಟ್‌ನಲ್ಲಿ ಅವರ ಶ್ರಮದಿಂದ ಎರಡೂ ಕಡೆಯ ಧರ್ಮಗುರುಗಳು ಕದುನಾ ಶಾಂತಿ ಘೋಷಣೆಗೆ ಸಹಿ ಹಾಕಿದರು; ಅದೇ ನವೆಂಬರ್‌ನಲ್ಲಿ ಅದೇ ಪಟ್ಟಣದಲ್ಲಿ ಮತ್ತೆ ಗಲಭೆಯಾಯಿತು. ಅವರು ಕೇಂದ್ರದ ಬಾಗಿಲು ಹಾಕಲಿಲ್ಲ.

ನಮ್ಮ ಸೀಮೆಗೆ ಬಂದರೆ, ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು ಮತ್ತವರ ಗುರು ಗೋವಿಂದ ಭಟ್ಟರ ಹೆಸರನ್ನು ಹೇಳದ ಸೌಹಾರ್ದ ಸಭೆಯೇ ಇಲ್ಲ. ಹೇಳಿ, ಚಪ್ಪಾಳೆ ತಟ್ಟಿ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಶರೀಫರು ಗುರುವಿನ ಮನೆಯಲ್ಲಿ ದಿನಗಟ್ಟಲೆ ಕೂತಿದ್ದರು ಎಂಬುದು ಮರೆತುಹೋಗುತ್ತದೆ. ನಮ್ಮ ಮಕ್ಕಳು ಬೇರೆಯವರ ಮನೆಯಲ್ಲಿ, ಬೇರೆಯವರ ಮಕ್ಕಳು ನಮ್ಮ ಮನೆಯಲ್ಲಿ ಕೂತು ಊಟ ಮಾಡಿ ಎಷ್ಟು ದಿನವಾಯಿತು? ಅಕ್ಕಿಆಲೂರನ್ನು ಪತ್ರಿಕೆಗಳು ರಕ್ತದಾನಿಗಳ ತವರೂರು ಎಂದು ಬರೆಯುತ್ತವೆ. ಇಲ್ಲಿನ ಯುವಕರು ಯಾರಿಗೆ ಎಂದು ಕೇಳದೆ ತೋಳು ಚಾಚಿದ್ದರಿಂದ ಬಂದ ಹೆಸರದು. ಬಾಟಲಿಯ ಮೇಲೆ ರಕ್ತದ ಗುಂಪು ಬರೆದಿರುತ್ತದೆ, ಕೊಟ್ಟವನ ಜಾತಿ ಬರೆದಿರುವುದಿಲ್ಲ. ಊರಿಗೆ ಈಗಾಗಲೇ ಇರುವ ಈ ಒಂದು ಅಭ್ಯಾಸದಿಂದಲೇ ಮುಂದಿನ ಕೆಲಸ ಆರಂಭಿಸಬಹುದು.

ನಮ್ಮವರಲ್ಲದವರ ಜೊತೆ ಸೇರಿ ಸಂಘಟನೆಯೇ ಎಂದು ಕೇಳುವ ಹಿರಿಯರಿಗೆ ಹಿಲ್ಫುಲ್ ಫುದೂಲ್ ನೆನಪಿಸಬೇಕು. ಯಮನಿನ ಒಬ್ಬ ವರ್ತಕನ ಸರಕು ಪಡೆದು ಮಕ್ಕಾದ ಶ್ರೀಮಂತನೊಬ್ಬ ಹಣ ಕೊಡದೆ ಸತಾಯಿಸಿದಾಗ, ಅಬ್ದುಲ್ಲಾ ಬಿನ್ ಜುದ್‌ಆನನ ಮನೆಯಲ್ಲಿ ಕೆಲವು ಕುಲಗಳವರು ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ ಅವನ ಪರ ನಿಲ್ಲುತ್ತೇವೆಂದು ಒಪ್ಪಂದ ಮಾಡಿಕೊಂಡರು. ಆಗಿನ್ನೂ ತರುಣರಾಗಿದ್ದ ಮುಹಮ್ಮದ್(ಸ) ಅಲ್ಲಿದ್ದರು. ಪ್ರವಾದಿತ್ವ ದೊರೆತ ಮೇಲೂ, ಅಂಥ ಒಪ್ಪಂದಕ್ಕೆ ಈಗ ಕರೆದರೂ ಹೋಗುತ್ತೇನೆ ಎಂದರು.

ಇದಕ್ಕಿಂತ ಕಷ್ಟದ ಪ್ರಶ್ನೆ ಸರ್ವಧರ್ಮ ಪ್ರಾರ್ಥನೆಯದು. ಕೆಲವು ಕುಟುಂಬಗಳು ಈ ಒಂದೇ ಕಾರಣಕ್ಕೆ ಮಕ್ಕಳನ್ನು ಕಳಿಸುವುದಿಲ್ಲ. ಅವರ ಅಳುಕನ್ನು ಹಗುರ ಮಾಡಿ ನಗಬಾರದು. ಇಬಾದತ್ತನ್ನು ಬೆರೆಸುವುದು ಬೇರೆ, ಇನ್ನೊಬ್ಬರು ಪ್ರಾರ್ಥಿಸುವಾಗ ಅದಬಿನಿಂದ ಸುಮ್ಮನೆ ಕೂರುವುದು ಬೇರೆ. ಮಗನಿಗೆ, ಮಗಳಿಗೆ ಈ ಗೆರೆ ಸ್ಪಷ್ಟವಾಗಿ ತಿಳಿದಿರಬೇಕು, ಅನುಮಾನವಿದ್ದರೆ ನಮ್ಮ ಮಸೀದಿಯ ಇಮಾಮ್ ಸಾಹೇಬರನ್ನು ಕೇಳಬೇಕು. ತನ್ನ ದೀನ್ ತಿಳಿಯದ ಹುಡುಗನನ್ನು ಶಿಬಿರಕ್ಕೆ ಕಳಿಸಿದರೆ ಅವನು ಇತರರಿಗೆ ಇಸ್ಲಾಮಿನ ಬಗ್ಗೆ ಏನು ಹೇಳಿಯಾನು? ಕಳಿಸುವ ಮೊದಲು ಮನೆಯಲ್ಲಿ ಆಗಬೇಕಾದ ಕೆಲಸ ಅದು. ಊಟದ ಚಿಂತೆ ಅಷ್ಟಿಲ್ಲ; ಗಾಂಧಿ ಪರಂಪರೆಯ ಶಿಬಿರಗಳಲ್ಲಿ ಸಸ್ಯಾಹಾರವೇ ಇರುತ್ತದೆ.

ಸುಬ್ಬರಾವ್ 2021ರ ಅಕ್ಟೋಬರ್ 27ರಂದು ಜೈಪುರದಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತೆರಡು ವರ್ಷ. ಅಂತ್ಯಕ್ರಿಯೆ ನಡೆದದ್ದು ಜೌರಾದ ಆಶ್ರಮದಲ್ಲೇ.

ದೂರದ ಶಿಬಿರಕ್ಕೆ ಕಳಿಸಲು ಎಲ್ಲರಿಗೂ ಆಗದು. ಹತ್ತಿರದ್ದು ಒಂದಿದೆ. ಗಾಂಧಿ ಶತಾಬ್ದಿಯ ಅದೇ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ನಾವು ಎನ್ಎಸ್ಎಸ್ ಎನ್ನುವುದು, ಆರಂಭವಾಯಿತು. ಇಂದು ನಮ್ಮ ಕಡೆಯ ಕಾಲೇಜುಗಳಲ್ಲೂ ಅದರ ಘಟಕಗಳಿವೆ. ಹಳ್ಳಿಯೊಂದರಲ್ಲಿ ಏಳು ದಿನದ ವಾರ್ಷಿಕ ಶಿಬಿರ ನಡೆಯುತ್ತದೆ. ಕೆಲಸ, ಊಟ, ವಸತಿ ಎಲ್ಲ ಒಟ್ಟಿಗೆ. ಮಗಳು ಒಪ್ಪಿಗೆ ಪತ್ರ ತಂದು ಮುಂದೆ ಹಿಡಿದಾಗ ಹೆಚ್ಚಿನ ಮನೆಗಳಲ್ಲಿ ಓದದೆಯೇ 'ಬೇಡ' ಎನ್ನುತ್ತಾರೆ. ಓದೋಣ. ಹೆಣ್ಣುಮಕ್ಕಳಿಗೆ ಬೇರೆ ವಸತಿ ಇದೆಯೇ, ಜೊತೆಗೆ ಮಹಿಳಾ ಉಪನ್ಯಾಸಕರು ಯಾರು ಇರುತ್ತಾರೆ, ನಮಾಝಿಗೆ ಜಾಗ ಮತ್ತು ಸಮಯ ಸಿಗುತ್ತದೆಯೇ, ರಾತ್ರಿ ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಎಂದು ಶಿಬಿರಾಧಿಕಾರಿಯನ್ನು ನೇರವಾಗಿ ಕೇಳೋಣ. ಒಂದು ದಿನ ಬಂದು ನೋಡಿ ಹೋಗಬಹುದೇ ಎಂದೂ ಕೇಳೋಣ. ಉತ್ತರ ಸಮಾಧಾನ ತಂದರೆ ಸಹಿ ಹಾಕಿ, ಅಬ್ಬಾ ಅಮ್ಮಿ ಇಬ್ಬರೂ ಹೋಗಿ ಬಸ್ ಹತ್ತಿಸಿ ಬರೋಣ.